ಕೊಕ್ಕೆ ಹಾಕಬೇಡಿ

ಮೊಳಕಾಲ್ಮೂರಿನ ನಮ್ಮ ಮನೆಯ ಗೋಡೆಗೂಡಿಗೆ
ಅಜ್ಜಿ ಹಾಸಿದ್ದು ರೇಷ್ಮೆ ಕಂತೆ ಸುತ್ತಿ ಬಂದ ಕಾಗದ.
ಅದರ ಮೇಲೆ ಕುಂಕುಮದ ಭರಣಿ, ಅಪ್ಪನ ಬೀಡಿ,
ಒಂದು ಮುರಿದ ಲಾಳಿ.
ಕಾಗದದ ತುಂಬ ಕಪ್ಪು ಅಕ್ಷರ:
ಏಣಿ, ಕಿಟಕಿ, ಮಳೆ,
ಕೈಕಾಲು ಚಾಚಿ ಮಲಗಿದ ಇರುವೆ.
ಕೆಳಗೆ ಬಿದ್ದ ಚೂರಿಗೆ ಕಾಲು ತಾಗಿದರೂ
ಕಣ್ಣಿಗೊತ್ತಿಕೋ ಅನ್ನುತ್ತಿದ್ದಳು.
ಯಾರ ಅಕ್ಷರವಾದರೇನು, ಸರಸ್ವತಿ ಸರಸ್ವತಿಯೇ.

ಚೀನೀ ಯಾಕೆ ಕಲಿಯಬೇಕು ಎಂದು
ವೀಸಾ ಅರ್ಜಿ ಕೇಳಿದಾಗ
'ವ್ಯಾಪಾರ ಸಂಬಂಧ' ಎಂದು ತುಂಬಿದೆ.
ಗೂಡಿನ ಹಾಳೆ ಎಂದು ಬರೆಯಲು ಜಾಗವಿರಲಿಲ್ಲ.

*

ಹಾಂಗ್‌ಝೌದಲ್ಲಿ ಶನಿವಾರ ಬಂದರೆ ನಮ್ಮನ್ನು ಬಸ್ಸಿಗೆ ತುಂಬುತ್ತಿದ್ದರು.
ಘಾನಾದ ಕ್ವೆಕು, ಕಜಕಸ್ತಾನದ ಝಾನಾರ್,
ದಾರಿಯುದ್ದ ನಿದ್ದೆ ಹೊಡೆಯುವ ಥಾಯ್ಲೆಂಡಿನ ಇಬ್ಬರು, ನಾನು.
ಹಳದಿ ಬಾವುಟ ಹಿಡಿದ ಮೇಡಂ ಮುಂದೆ.
ಒಂದು ವಾರ ಟೀ ತೋಟ:
ಫೋಟೊಗೆ ಬುಟ್ಟಿ ಕೊಟ್ಟರು, ಎಲೆ ಕೀಳಬೇಡಿ ಅಂದರು.
ಇನ್ನೊಂದು ವಾರ ಕುಂಚ ಹಿಡಿದು ಬಿದಿರು ಬರೆಯುವುದು,
ನನ್ನದು ಜಾಲಿಮರವಾಯಿತು.
ಭದ್ರಾವತಿ ಎಂಬ ಹೆಸರು ಯಾರ ನಾಲಿಗೆಯಲ್ಲೂ ನಿಲ್ಲದೆ
'ಬಾಯ್' ಎಂದು ಕತ್ತರಿಸಿ ಕೊಟ್ಟರು.
ಅವರಲ್ಲಿ ಬಿಳುಪು ಎಂದರ್ಥ. ನನಗೋ
ಹಾಜರಿ ಕರೆದಾಗಲೆಲ್ಲ ಬಾಯಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಮೇ ತಿಂಗಳಲ್ಲಿ 'ಉದ್ಯಮ ಭೇಟಿ'.
ತಲೆಗೆ ಬಲೆಟೋಪಿ, ಕಾಲಿಗೆ ನೀಲಿ ಚೀಲ, ಸಾಲಾಗಿ ಬನ್ನಿ.
ಬಿಸಿನೀರಲ್ಲಿ ಕುಣಿಯುವ ಗೂಡು, ಬೆಂದ ಹುಳುವಿನ ವಾಸನೆ.
ಝಾನಾರ್ ಮೂಗು ಮುಚ್ಚಿದಳು.
ನನಗೇಕೋ ಹಸಿವಾಯಿತು.
ಒಂದೇ ಗೂಡಿನ ಎಳೆ ಒಂದು ಕಿಲೋಮೀಟರ್ ಎಂದು ಮೇಡಂ ಹೇಳಿದ್ದೇ
ಎಲ್ಲರೂ ಫೋನ್ ಎತ್ತಿದರು.
ಆಗ ಯಂತ್ರದ ತುದಿಯಲ್ಲಿ ಒಂದೆಳೆ ಕಡಿಯಿತು.
ಕೆಲಸದ ಹುಡುಗಿ ಓಡಿ ಬರುವಷ್ಟರಲ್ಲಿ
ನನ್ನ ಬೆರಳು ನಾಲಿಗೆಗೆ ಹೋಗಿ ಒದ್ದೆಯಾಗಿ
ಹೊಸೆದು, ಗಂಟಿಕ್ಕಿ, ಮುಗಿಸಿತ್ತು.
ಯೋಚಿಸಿ ಮಾಡಿದ್ದಲ್ಲ. ಕೆಮ್ಮಿನ ಹಾಗೆ ಬಂದದ್ದು.
ಅವಳು ನನ್ನ ಬೆರಳು ನೋಡಿದಳು, ಮುಖವನ್ನಲ್ಲ.
ಏನೋ ಕೇಳಿದಳು.
ಎರಡು ಸೆಮಿಸ್ಟರಿನಲ್ಲಿ ಬ್ಯಾಂಕು, ಒಪ್ಪಂದ, ರಿಯಾಯಿತಿ,
ವಿಮಾನ ತಡವಾಗಿದೆ, ಎಲ್ಲ ಕಲಿತಿದ್ದೆ.
ನೇಕಾರ ಎಂಬುದು ಪಾಠದಲ್ಲಿ ಬಂದಿರಲಿಲ್ಲ.
ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟವರ ಹಾಗೆ
ಅಲ್ಲೇ ನಿಂತು, ನೀಲಿ ಚೀಲದ ಕಾಲು ತುಳಿದು ತೋರಿಸಿದೆ,
ಎಡ, ಬಲ, ಎಡ.
ಕ್ವೆಕು ವಿಡಿಯೊ ಮಾಡಿದ, ಡಾನ್ಸ್ ಅಂದುಕೊಂಡು.
ಅವಳಿಗೆ ತಿಳಿಯಿತು.

ಗೋದಾಮಿನಲ್ಲಿ ಕಂತೆಗಳು. ಅದೇ ಕಾಗದ.
ಮೊದಲ ಸಲ ಓದಿದೆ.

*

ಈಗ ರಜ. ಆಷಾಢದ ಗಾಳಿ ಮಾಡಿನ ತಗಡು ಬಡಿಯುತ್ತಿದೆ.
ಅಪ್ಪ ಮಗ್ಗ ನಿಲ್ಲಿಸದೆಯೇ ಕೇಳುತ್ತಾನೆ:
ಅಲ್ಲಿ ಕೇಜಿ ಎಷ್ಟಕ್ಕೆ ಬಿಡ್ತಾರೆ?
ಹೇಳುತ್ತೇನೆ.
ಲಾಳಿ ಒಂದು ಸಲ ತಡೆಯುತ್ತದೆ. ಮತ್ತೆ ಓಡುತ್ತದೆ.
ಸಾವ್ಕಾರನ ಹೆಸರು ಇಬ್ಬರೂ ಎತ್ತುವುದಿಲ್ಲ.

ಅಜ್ಜಿಯದು ಬೇರೆ ಚಿಂತೆ.
ಭರಣಿ ಪಕ್ಕಕ್ಕಿಟ್ಟು, ಕಾಗದದ ಮೇಲೆ ಬೆರಳಿಟ್ಟು,
ಏನು ಬರೆದೈತೆ, ಓದು ನೋಡಾನ.
ಲಕ್ಷ್ಮಿ ಒಲಿಯಲಿ ಅಂತ ಬರೆದೈತೆ ಅನ್ನಬಹುದಿತ್ತು.
ಇಪ್ಪತ್ತು ವರ್ಷದ ಕುಂಕುಮ ನನ್ನನ್ನೇ ನೋಡುತ್ತಿತ್ತು.

'ತೇವ ತಾಗಿಸಬೇಡಿ. ಕೊಕ್ಕೆ ಹಾಕಬೇಡಿ.'
ಅಷ್ಟೇನಾ?
ಅಷ್ಟೇ ಅಜ್ಜಿ. ಮೂಟೆ ಹೊರೋರಿಗೆ ಹೇಳಿದ್ದು.

ಕಾಗದವನ್ನು ಸುಮ್ಮನೆ ಸವರುತ್ತಾಳೆ.
ಕೊಕ್ಕೆ ಹಾಕಬ್ಯಾಡ್ರಿ, ಎಂದು ತನ್ನಷ್ಟಕ್ಕೆ ಹೇಳಿ ನೋಡುತ್ತಾಳೆ.
ಒಳ್ಳೇದೇ ಬರೆದಾರೆ ಬಿಡು.
ನಿಮ್ಮಪ್ಪನ ಮದುವ್ಯಾಗೆ ಬೀಗರ ಮುಂದೆ
ಯಾರಾರ ಇದನ್ನ ಓದಿದ್ರೆ ಆಗ್ತಿತ್ತು.

ಮಗ್ಗದ ಕುಣಿಯೊಳಗಿಂದ ಅಪ್ಪ ನಗುವುದು ಕೇಳಿಸುತ್ತದೆ.
ಅವಳು ಭರಣಿಯನ್ನು ತಿರುಗಿ
ಅದೇ ಕೆಂಪು ಗುಂಡು ಗುರುತಿನ ಮೇಲೆ ಇಡುತ್ತಾಳೆ.